ರಸ್ತೆ ಬಿಟ್ಟು ತೋಟ ಸೇರಿದ ಟೂ ಸ್ಟ್ರೋಕ್

ಎಜ್ಡಿ, ಲೂನಾ, ಆರ್‌ಎಕ್ಸ್ 100 ಓಡಿಸಿದವರಿಗೆ ಆ ಸುಟ್ಟ ಆಯಿಲ್ ವಾಸನೆ ಮರೆಯುವಂಥದ್ದಲ್ಲ. ಎಜ್ಡಿ ತಯಾರಿಸುತ್ತಿದ್ದ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಬಾಗಿಲು ಹಾಕಿತು. ಹೊಗೆಯ ನಿಯಮಗಳು ಬಿಗಿಯಾದಂತೆ ಟೂ ಸ್ಟ್ರೋಕ್ ಬೈಕುಗಳೂ ಮರೆಯಾದವು. ಆದರೆ ಚಿಕ್ಕಬಳ್ಳಾಪುರದ ದ್ರಾಕ್ಷಿ ತೋಟದಲ್ಲೋ ಚಿಂತಾಮಣಿಯ ಟೊಮೆಟೊ ಹೊಲದಲ್ಲೋ ಔಷಧಿ ಹೊಡೆಯುವ ಹೊತ್ತಿಗೆ ಹೋಗಿ ನೋಡಿ: ಅದೇ ವಾಸನೆ, ಅದೇ ಕರಕರ ಸದ್ದು. ಬೆನ್ನಿಗೆ ಹೊರುವ ಪವರ್ ಸ್ಪ್ರೇಯರ್, ಕಳೆ ಕತ್ತರಿಸುವ ಮೆಷಿನ್‌ಗಳಲ್ಲಿ ಅನೇಕವು ಇಂದಿಗೂ ಟೂ ಸ್ಟ್ರೋಕೇ. ಅವನ್ನು ಬಿಚ್ಚಿ ಜೋಡಿಸುವ ಕಸುಬೂ ಹೀಗೆ ಉಳಿದುಕೊಂಡಿದೆ.

ಮೋಡ ಕವಿದು ತುಂತುರು ಹಿಡಿದರೆ ದ್ರಾಕ್ಷಿಗೆ ಬೂಜು ತುಪ್ಪಟ ರೋಗದ ಭಯ. ಔಷಧಿ ಅವತ್ತೇ ಹೊಡೆಯಬೇಕು. ತಿಂಗಳುಗಟ್ಟಲೆ ಮೂಲೆಯಲ್ಲಿದ್ದ ಇಂಜಿನ್ ಮುನಿಸಿಕೊಳ್ಳುವುದೂ ಅವತ್ತೇ. ಹಗ್ಗ ಎಳೆದೂ ಎಳೆದೂ ರಟ್ಟೆ ಬಿದ್ದುಹೋಗುತ್ತದೆ.

ಈ ಇಂಜಿನ್‌ಗೆ ಆಯಿಲ್ ತುಂಬಲು ಬೇರೆ ಜಾಗವಿಲ್ಲ. ಪೆಟ್ರೋಲಿನಲ್ಲಿ ಬೆರೆಸಿದ ಟೂಟಿ ಆಯಿಲೇ ಪಿಸ್ಟನ್ನಿಗೂ ಬೇರಿಂಗಿಗೂ ಜಿಡ್ಡು ಕೊಡಬೇಕು. ಕಂಪನಿ 25ಕ್ಕೆ 1 ಎಂದಿದ್ದರೆ ಲೀಟರಿಗೆ 40 ಮಿಲಿ, 50ಕ್ಕೆ 1 ಎಂದಿದ್ದರೆ 20 ಮಿಲಿ. ಆಯಿಲ್ ಬೆರೆಸದೆ ಬರೀ ಪೆಟ್ರೋಲ್ ಹಾಕಿ ಓಡಿಸಿದರೆ ಪಿಸ್ಟನ್ ಕಾದು ಸಿಲಿಂಡರಿಗೆ ಕಚ್ಚಿಕೊಳ್ಳುತ್ತದೆ. ಆಮೇಲೆ ಖರ್ಚು ಸಾವಿರಗಳ ಲೆಕ್ಕ. ಹೆಚ್ಚು ಸುರಿದರೆ ಒಳ್ಳೆಯದೆಂಬ ನಂಬಿಕೆಯೂ ಇದೆ. ಹೊಗೆ ಜಾಸ್ತಿಯಾಗಿ, ಸೈಲೆನ್ಸರ್ ಬಾಯಲ್ಲಿ ಕಾರ್ಬನ್ ಕಟ್ಟಿ, ಇಂಜಿನ್ ಉಸಿರಾಡಲಾರದೆ ಬಲ ಕಳೆದುಕೊಳ್ಳುವುದು ಅದರ ಫಲ. ಅಂದಾಜಿಗೆ ಸುರಿಯುವ ಬದಲು ಔಷಧಿ ಅಳೆಯುವಂಥ ಇನ್ನೊಂದು ಮುಚ್ಚಳವನ್ನು ಆಯಿಲಿಗೆಂದೇ ಇಟ್ಟುಕೊಂಡರೆ ಅರ್ಧ ರಿಪೇರಿ ತಪ್ಪುತ್ತದೆ.

ನುರಿತ ಮೆಕ್ಯಾನಿಕ್ ಮೊದಲು ಬಿಚ್ಚುವುದು ಪ್ಲಗ್. ತುದಿ ಒಣಗಿದ ಕಂದು ಬಣ್ಣಕ್ಕಿದ್ದರೆ ಒಳಗೆಲ್ಲ ಸರಿ. ಕಪ್ಪಗೆ ಒದ್ದೆಯಾಗಿದ್ದರೆ ಆಯಿಲೋ ಪೆಟ್ರೋಲೋ ಹೆಚ್ಚಾಗಿದೆ. ಬೆಳ್ಳಗೆ ಸುಟ್ಟಂತಿದ್ದರೆ ಪೆಟ್ರೋಲ್ ಸಾಲದೆ ಇಂಜಿನ್ ಕಾಯುತ್ತಿದೆ. ಇದೇ ಹೆಚ್ಚು ಅಪಾಯದ ಸೂಚನೆ. ತಂತಿ ಬ್ರಷ್ಷಿನಿಂದ ಉಜ್ಜಿ, ಸಂದನ್ನು 0.6ರಿಂದ 0.7 ಮಿಲಿಮೀಟರಿಗೆ ತಂದರೆ ಎಷ್ಟೋ ಮೆಷಿನ್‌ಗಳು ಅಲ್ಲೇ ಹೊತ್ತಿಕೊಳ್ಳುತ್ತವೆ. ಇನ್ನು ಏರ್ ಫಿಲ್ಟರ್. ಗೌರಿಬಿದನೂರಿನ ಬೇಸಿಗೆ ಧೂಳಿನಲ್ಲಿ ಅದನ್ನು ಆಗಾಗ ತೊಳೆಯದಿದ್ದರೆ ಮಣ್ಣು ಒಳಹೊಕ್ಕು ಸಿಲಿಂಡರನ್ನೇ ಸವೆಸುತ್ತದೆ.

ಮೂಲೆಯಲ್ಲಿ ಕೂತ ಮೆಷಿನ್ ಹಾಳಾಗಲು ಕಾರಣ ಟ್ಯಾಂಕಿನಲ್ಲಿ ಉಳಿದ ಪೆಟ್ರೋಲ್. ಅದರಲ್ಲೀಗ ಶೇ 20ರಷ್ಟು ಎಥನಾಲ್. ಎಥನಾಲ್ ಗಾಳಿಯ ತೇವ ಹೀರುತ್ತದೆ. ನೀರು ತಳಕ್ಕಿಳಿಯುತ್ತದೆ, ಕಾರ್ಬೊರೇಟರಿನ ಸಣ್ಣ ಜೆಟ್‌ನಲ್ಲಿ ಅಂಟು ಕೂರುತ್ತದೆ. ಹಾಗಾಗಿ ಸೀಸನ್ ಮುಗಿದಾಗ ಟ್ಯಾಂಕ್ ಬರಿದು ಮಾಡಿ, ಇಂಜಿನ್ ತಾನಾಗಿ ನಿಲ್ಲುವವರೆಗೆ ಓಡಿಸಿ, ಪ್ಲಗ್ ತೂತಿನಿಂದ ನಾಲ್ಕು ಹನಿ ಆಯಿಲ್ ಬಿಟ್ಟು ಹಗ್ಗವನ್ನು ನಿಧಾನಕ್ಕೆ ಎಳೆದಿಡಬೇಕು. ಕೆನಡಾದಲ್ಲಿ ಹಿಮದ ಮೇಲೆ ಓಡುವ ಸ್ನೋಮೊಬೈಲ್‌ಗಳಲ್ಲೂ ಟೂ ಸ್ಟ್ರೋಕ್ ಇಂಜಿನ್ ಸಾಮಾನ್ಯ. ಹಿಮ ಕರಗಿ ಅವು ಶೆಡ್ ಸೇರುವ ಮುನ್ನವೂ ಒಳಕ್ಕೆ ಆಯಿಲ್ ಹೊಡೆದಿಡುತ್ತಾರೆ.

ರೇಷ್ಮೆ ಸಾಕುವ ಶಿಡ್ಲಘಟ್ಟದಲ್ಲಿ ಇಂಜಿನ್ ಸರಿಹೋದರಷ್ಟೇ ಸಾಲದು. ಟೊಮೆಟೊಗೆ ಕೀಟನಾಶಕ ಹೊಡೆದ ಟ್ಯಾಂಕನ್ನು ಹಾಗೇ ಹಿಪ್ಪುನೇರಳೆ ತೋಟಕ್ಕೆ ಒಯ್ದರೆ, ಆ ಸೊಪ್ಪು ತಿಂದ ರೇಷ್ಮೆಹುಳು ಸಾಯುತ್ತದೆ. ಟ್ಯಾಂಕ್, ಪೈಪ್, ನಾಜಲ್ ಎಲ್ಲವನ್ನೂ ತೊಳೆದರೂ ರಬ್ಬರಿನಲ್ಲಿ ವಿಷದ ಅಂಶ ಉಳಿದೀತು. ರೇಷ್ಮೆ ಸಾಕುವವರು ಹಿಪ್ಪುನೇರಳೆಗೆಂದೇ ಬೇರೆ ಸ್ಪ್ರೇಯರ್ ಇಟ್ಟುಕೊಳ್ಳುವುದು ಮೇಲು, ಹಳೆಯದಾದರೂ ಸರಿ.