ಮೂವರು ಕಿರಣರು



ನನ್ನ ಹೆಸರು ಕಿರಣ. ಸಾಗರ, ಹೊಸನಗರ, ತೀರ್ಥಹಳ್ಳಿ ಎಲ್ಲಿ ಹೋದರೂ ಇನ್ನೊಬ್ಬ ಕಿರಣ ಸಿಗ್ತಾನೆ. ಮೊನ್ನೆ ನೆಂಟರೊಬ್ಬರು 'ಇದು ಗಂಡು ಹುಡುಗರ ಹೆಸರಲ್ವಾ?' ಅಂದರು. ಅದಕ್ಕೇ ಈ ಲೇಖನ. ಕಿರಣ ಅಂದರೆ ಬೆಳಕಿನ ಗೆರೆ. ಬೆಳಕಿಗೆ ಗಂಡು ಹೆಣ್ಣು ಅಂತ ಉಂಟಾ?

ಕಿರಣ್ ಮಜುಂದಾರ್ ಷಾ ಬೆಂಗಳೂರಿನವರು. ಬಿಯರ್ ತಯಾರಿಸುವ ವಿದ್ಯೆಯನ್ನು ಆಸ್ಟ್ರೇಲಿಯಾದಲ್ಲಿ ಕಲಿತು 1975ರಲ್ಲಿ ಪಾಸಾದರು. ಊರಿಗೆ ಬಂದರೆ, ಹೆಂಗಸು ಅಂತ ಆ ಕೆಲಸವೇ ಸಿಗಲಿಲ್ಲ. 1978ರಲ್ಲಿ ಬಾಡಿಗೆ ಮನೆಯ ಗ್ಯಾರೇಜಿನಲ್ಲಿ 10,000 ರೂಪಾಯಿ ಹಾಕಿ ಬಯೋಕಾನ್ ಶುರು ಮಾಡಿದರು. ಮೊದಮೊದಲು ತಯಾರಿಸಿದ್ದು ಏನು ಗೊತ್ತಾ? ಪಪ್ಪಾಯಿ ಕಾಯಿಯ ಹಾಲಿನಿಂದ ಪಪೇನ್ ಎಂಬ ಕಿಣ್ವ! ಹಿತ್ತಲಲ್ಲಿ ಕಾಯಿ ಕೊಯ್ದಾಗ ನಮ್ಮ ಕೈಗೆ ಅಂಟುತ್ತಲ್ಲ, ಅದೇ ಹಾಲು. ಪಪೇನ್ ಮಾಂಸವನ್ನು ಮೆತ್ತಗೆ ಮಾಡುತ್ತದೆ, ಬಿಯರನ್ನು ತಿಳಿಯಾಗಿಸುತ್ತದೆ. ಮುಂದೆ ಅದೇ ಕಂಪನಿ ಸಕ್ಕರೆ ಕಾಯಿಲೆಯವರಿಗೆ ಇನ್ಸುಲಿನ್ ತಯಾರಿಸಿತು.

ಎರಡನೆಯವರು ಹಾಸನ ಜಿಲ್ಲೆಯ ಎ. ಎಸ್. ಕಿರಣ್ ಕುಮಾರ್. ಇವರು ಇಸ್ರೋ ಅಧ್ಯಕ್ಷರಾಗಿದ್ದಾಗ, 2017ರ ಫೆಬ್ರವರಿ 15ರಂದು, ಒಂದೇ ರಾಕೆಟ್ಟಿನಲ್ಲಿ 104 ಉಪಗ್ರಹಗಳು ಹಾರಿದವು.

ಮೂರನೆಯವರು ಕಿರಣ್ ಕಾರ್ನಿಕ್. 1975-76ರಲ್ಲಿ ಇಸ್ರೋ ಉಪಗ್ರಹದ ಮೂಲಕ 2,400 ಹಳ್ಳಿಗಳಿಗೆ ಟಿ.ವಿ. ತೋರಿಸಿತು. ಆ ಪ್ರಯೋಗದಲ್ಲಿ ಇವರೂ ದುಡಿದರು. ನಮ್ಮ ರಾಯಚೂರು, ಗುಲ್ಬರ್ಗ, ಬಿಜಾಪುರ ಕಡೆಯ ಹಳ್ಳಿಗಳೂ ಅದರಲ್ಲಿದ್ದವು. ಮುಂದೆ ಇವರು ಸಾಫ್ಟ್‌ವೇರ್ ಕಂಪನಿಗಳ ಸಂಘ ನಾಸ್ಕಾಂನ ಅಧ್ಯಕ್ಷರಾದರು.

ಹೆಸರು ಒಂದೇ ಆದರೂ ಮಾಡಿದ ಕೆಲಸ ಬೇರೆ ಬೇರೆ. ಹೆಸರಿನಿಂದ ಯಾರೂ ದೊಡ್ಡವರಾಗಲಿಲ್ಲ, ಹೆಸರು ಯಾರಿಗೂ ಅಡ್ಡ ಬರಲಿಲ್ಲ. ಆ ನೆಂಟರು ಮತ್ತೆ ಬಂದಾಗ ಇದನ್ನೇ ಓದಿ ಹೇಳ್ತೀನಿ.

– ಕಿರಣ, 8ನೇ ತರಗತಿ