ಟಿ.ವಿ.ಯಲ್ಲಿ ಕಂಡ ಮ್ಯೂಸಿಯಂ



ವಿಜಯನಗರದ ಒಂದು ಮನೆ. ರಾತ್ರಿ ಊಟ ಆಗಿದೆ. ಅತ್ತೆ, ಸೊಸೆ ಟಿ.ವಿ. ಮುಂದೆ ಕೂತಿದ್ದಾರೆ. ಇಂಗ್ಲಿಷ್ ಸಿನಿಮಾ ಬರುತ್ತಿದೆ. ಅದರಲ್ಲಿ ಒಂದು ದೊಡ್ಡ ಕಟ್ಟಡ. ಕಟ್ಟಡದ ಒಳಗೆ ಹಿಂದಿನ ಕಾಲದ ಒಂದು ದೈತ್ಯ ಪ್ರಾಣಿ. ಬರೀ ಮೂಳೆಗಳ ಗೂಡು. ರಾತ್ರಿಯಾದ ಕೂಡಲೇ ಆ ಗೂಡು ಎದ್ದು ಓಡಾಡುತ್ತದೆ!

"ಇದೇನಮ್ಮ ಇದು? ಸತ್ತ ಪ್ರಾಣಿ ಎದ್ದು ಓಡುತ್ತೆ?" ಅಂದರು ಅತ್ತೆ.

"ಸಿನಿಮಾ ಅಲ್ವಾ ಅತ್ತೆ, ಎಲ್ಲಾ ಸುಳ್ಳು" ಅಂದಳು ಸೊಸೆ.

"ಹಾಗಾದರೆ ಆ ಕಟ್ಟಡಾನೂ ಸುಳ್ಳಾ?"

ಸೊಸೆಗೆ ಉತ್ತರ ಹೊಳೆಯಲಿಲ್ಲ.

ಅತ್ತೆ ಕೇಳಿದ್ದು ಒಳ್ಳೆಯ ಪ್ರಶ್ನೆ. ಬನ್ನಿ, ಉತ್ತರ ಹುಡುಕೋಣ.

ಕಟ್ಟಡ ನಿಜ, ಓಟ ಸುಳ್ಳು

ಹಳೆಯ ವಸ್ತುಗಳನ್ನು ಕೂಡಿಸಿ, ಕಾಪಾಡಿ, ಜನರಿಗೆ ತೋರಿಸುವ ಜಾಗವೇ ಮ್ಯೂಸಿಯಂ. ಕನ್ನಡದಲ್ಲಿ ವಸ್ತು ಸಂಗ್ರಹಾಲಯ ಎನ್ನುತ್ತೇವೆ. ಅಲ್ಲಿ ವಸ್ತುವಿನ ಪಕ್ಕದಲ್ಲಿ ಒಂದು ಚೀಟಿ ಇರುತ್ತದೆ. ಇದು ಏನು, ಮಾಡಿದವರು ಯಾರು, ಯಾವ ಕಾಲದ್ದು ಎಂದು ಅದರಲ್ಲಿ ಬರೆದಿರುತ್ತದೆ.

ಅತ್ತೆ ನೋಡಿದ ಸಿನಿಮಾದ ಹೆಸರು 'ನೈಟ್ ಅಟ್ ದ ಮ್ಯೂಸಿಯಂ'. ಅಂದರೆ 'ಮ್ಯೂಸಿಯಂನಲ್ಲಿ ಒಂದು ರಾತ್ರಿ'. 2006ರಲ್ಲಿ ತೆರೆಗೆ ಬಂತು. ಅದರಲ್ಲಿ ತೋರಿಸುವ ಮ್ಯೂಸಿಯಂ ಅಮೆರಿಕದ ನ್ಯೂಯಾರ್ಕ್ ನಗರದಲ್ಲಿ ನಿಜವಾಗಿಯೂ ಇದೆ. ಆದರೆ ಸಿನಿಮಾದಲ್ಲಿ ಕಾಣುವ ಒಳಭಾಗ ಬೇರೆ. ಅದಕ್ಕಾಗಿ ಕೆನಡಾ ದೇಶದಲ್ಲಿ ಸೆಟ್ ಹಾಕಿದ್ದರು. ಸೆಟ್ ಎಂದರೆ ಸಿನಿಮಾಕ್ಕಾಗಿ ಕಟ್ಟಿದ ಹುಸಿ ಮನೆ.

ಸಿನಿಮಾ ಬಂದ ಮೇಲೆ ಆ ಮ್ಯೂಸಿಯಂಗೆ ಜನ ಹೆಚ್ಚು ಹೆಚ್ಚಾಗಿ ಬಂದರು. ಮೂಳೆಗೂಡು ಓಡುವುದಿಲ್ಲ ಎಂದು ಅವರಿಗೆ ಗೊತ್ತು. ಆದರೂ ನಿಜವಾದದ್ದನ್ನು ಕಣ್ಣಾರೆ ನೋಡುವ ಆಸೆ.

ದೀಪಕ್ಕೂ ಬೆಂಕಿಗೂ ಹೆದರಬೇಕು

ಸೆಟ್ ಯಾಕೆ ಬೇಕು? ನಿಜವಾದ ಮ್ಯೂಸಿಯಂನಲ್ಲೇ ಚಿತ್ರ ತೆಗೆಯಬಹುದಲ್ಲ?

ನಮ್ಮ ಮನೆಯ ಸಂಗತಿಯನ್ನೇ ನೋಡಿ. ರೇಷ್ಮೆ ಸೀರೆಯನ್ನು ಸುಡು ಬಿಸಿಲಲ್ಲಿ ಒಣಗಿಸುತ್ತೇವೆಯೇ? ಇಲ್ಲ, ಬಣ್ಣ ಹೋಗುತ್ತದೆ. ಹಳೆಯ ಚಿತ್ರ, ಹಳೆಯ ಬಟ್ಟೆಯೂ ಹಾಗೆಯೇ. ಸಿನಿಮಾದವರು ತರುವ ದೊಡ್ಡ ದೀಪಗಳ ಬೆಳಕು ಬಲು ಜೋರು. ಅದರ ಶಾಖಕ್ಕೂ ಬೆಳಕಿಗೂ ಬಣ್ಣ ಮಾಸುತ್ತದೆ.

ಫ್ರಾನ್ಸ್ ದೇಶದ ಪ್ಯಾರಿಸ್ ನಗರದಲ್ಲಿ ಲೂವ್ರ್ ಎಂಬ ಮ್ಯೂಸಿಯಂ ಇದೆ. 'ಮೋನಾಲಿಸಾ' ಎಂಬ ಹೆಂಗಸಿನ ಚಿತ್ರ ಇರುವುದು ಅಲ್ಲೇ. ಆ ಚಿತ್ರಕ್ಕೆ 500 ವರ್ಷದ ಮೇಲಾಯಿತು. 'ದ ಡಾ ವಿಂಚಿ ಕೋಡ್' ಎಂಬ ಸಿನಿಮಾದವರಿಗೆ ಅಲ್ಲಿ ರಾತ್ರಿ ಹೊತ್ತು ಚಿತ್ರ ತೆಗೆಯಲು ಒಪ್ಪಿಗೆ ಸಿಕ್ಕಿತು. ಆದರೆ ಮೋನಾಲಿಸಾ ಮೇಲೆ ದೀಪ ಬಿಡುವಂತಿರಲಿಲ್ಲ. ಹಾಗಾಗಿ ಅವರು ಅದರ ನಕಲು ಚಿತ್ರ ಬಳಸಿದರು. ಜನ ತೆರೆಯ ಮೇಲೆ ನೋಡಿದ್ದು ನಕಲು!

ಇನ್ನು ಬೆಂಕಿಯ ಭಯ. ಮೈಸೂರಿನವರಾದ ನಮಗೆ ಅದನ್ನು ಹೇಳಿಕೊಡಬೇಕಿಲ್ಲ. 1897ರಲ್ಲಿ ರಾಜಕುಮಾರಿಯ ಮದುವೆಯ ಹೊತ್ತಿನಲ್ಲಿ ಮರದ ಹಳೇ ಅರಮನೆ ಸುಟ್ಟು ಹೋಯಿತು. ಈಗಿನ ಅರಮನೆ ಮುಗಿದದ್ದು 1912ರಲ್ಲಿ. ಈಗ ಅದೂ ಒಂದು ಮ್ಯೂಸಿಯಂ. ದಸರಾ ಬಂದರೆ ಟಿ.ವಿ.ಯಲ್ಲಿ ದೇಶವೆಲ್ಲ ಅದನ್ನು ನೋಡುತ್ತದೆ.

1989ರ ಫೆಬ್ರವರಿ 8ರಂದು ಮೈಸೂರಿನ ಪ್ರೀಮಿಯರ್ ಸ್ಟುಡಿಯೋದಲ್ಲಿ ಟಿಪ್ಪು ಸುಲ್ತಾನನ ಧಾರಾವಾಹಿಯ ಚಿತ್ರ ತೆಗೆಯುತ್ತಿದ್ದರು. ಸೆಟ್‌ಗೆ ಬೆಂಕಿ ಬಿತ್ತು. 62 ಜನ ಸತ್ತರು. ಆ ದುಃಖವನ್ನು ಊರು ಮರೆತಿಲ್ಲ. ಸೆಟ್ ಸುಟ್ಟರೆ ಇನ್ನೊಂದು ಕಟ್ಟಬಹುದು. ಹೋದ ಜೀವ ಬರುವುದಿಲ್ಲ. ನೂರಾರು ವರ್ಷದ ಹಳೆಯ ವಸ್ತುವೂ ಮತ್ತೆ ಸಿಗುವುದಿಲ್ಲ. ಮ್ಯೂಸಿಯಂನವರು ಸಿನಿಮಾದವರಿಗೆ ಕಟ್ಟುನಿಟ್ಟು ಮಾಡುವುದು ಇದಕ್ಕೇ.

ಟಿ.ವಿ.ಯಿಂದ ಹುಟ್ಟಿದ ಮ್ಯೂಸಿಯಂ

ಮ್ಯೂಸಿಯಂ ಟಿ.ವಿ.ಗೆ ಬಂದದ್ದಾಯಿತು. ಟಿ.ವಿ.ಯಿಂದಲೇ ಮ್ಯೂಸಿಯಂ ಆದದ್ದೂ ಉಂಟು. ಅದೂ ನಮ್ಮ ಕರ್ನಾಟಕದಲ್ಲೇ!

'ಮಾಲ್ಗುಡಿ ಡೇಸ್' ಧಾರಾವಾಹಿ ನೆನಪಿದೆಯೇ? 1980ರ ದಶಕದಲ್ಲಿ ದೂರದರ್ಶನದಲ್ಲಿ ಬರುತ್ತಿತ್ತು. ಅದನ್ನು ಮಾಡಿದವರು ನಮ್ಮ ಶಂಕರ್ ನಾಗ್. ಸ್ವಾಮಿ ಎಂಬ ತುಂಟ ಹುಡುಗನ ಪಾತ್ರ ಮಾಡಿದ್ದು ಮಾಸ್ಟರ್ ಮಂಜುನಾಥ್. ಮಾತು ಹಿಂದಿಯಲ್ಲಿ. ಆದರೂ ಮನೆ, ಬೀದಿ, ಮಳೆ ಎಲ್ಲ ನಮ್ಮ ಮಲೆನಾಡಿನದೇ. ಹೆಚ್ಚಿನ ಭಾಗ ತೆಗೆದದ್ದು ಆಗುಂಬೆಯಲ್ಲಿ.

ಮಾಲ್ಗುಡಿ ಎಂಬ ಊರು ಎಲ್ಲೂ ಇಲ್ಲ. ಅದು ಆರ್. ಕೆ. ನಾರಾಯಣ್ ಎಂಬ ಲೇಖಕರ ಮನಸ್ಸಿನಲ್ಲಿ ಹುಟ್ಟಿದ ಊರು. ಮೊದಲು ಅವರ ಮನಸ್ಸಿಗೆ ಬಂದದ್ದು ಒಂದು ಪುಟ್ಟ ರೈಲು ನಿಲ್ದಾಣ. ಆಮೇಲೆ ಅದರ ಸುತ್ತ ಊರು ಬೆಳೆಯಿತು.

ಧಾರಾವಾಹಿಗೆ ಆ ನಿಲ್ದಾಣ ಬೇಕಲ್ಲ? ಶಿವಮೊಗ್ಗ ಜಿಲ್ಲೆಯ ಹೊಸನಗರ ತಾಲ್ಲೂಕಿನಲ್ಲಿ ಅರಸಾಳು ಎಂಬ ಸಣ್ಣ ನಿಲ್ದಾಣವಿದೆ. ಬ್ರಿಟಿಷರ ಕಾಲದ್ದು. ಅದೇ ಟಿ.ವಿ.ಯಲ್ಲಿ ಮಾಲ್ಗುಡಿ ನಿಲ್ದಾಣವಾಯಿತು. ವರ್ಷಗಳು ಕಳೆದವು. ಹಳೆಯ ಕಟ್ಟಡ ಹಾಳು ಬಿದ್ದಿತು. ಆಮೇಲೆ ರೈಲ್ವೆಯವರು ಅದನ್ನು ದುರಸ್ತಿ ಮಾಡಿಸಿದರು. ಧಾರಾವಾಹಿಗೆ ಕಲಾ ನಿರ್ದೇಶಕರಾಗಿದ್ದ ಜಾನ್ ದೇವರಾಜ್ ಅವರೇ ಈ ಕೆಲಸಕ್ಕೂ ಕೈ ಹಾಕಿದರು. 2020ರಲ್ಲಿ ಅದು 'ಮಾಲ್ಗುಡಿ ಮ್ಯೂಸಿಯಂ' ಆಯಿತು. ಇಲ್ಲದ ಊರಿಗೆ ಒಂದು ಮ್ಯೂಸಿಯಂ! ಮೈಸೂರಿನಿಂದ ತಾಳಗುಪ್ಪಕ್ಕೆ ಹೋಗುವ ರೈಲು ಅದೇ ದಾರಿಯಲ್ಲಿ ಸಾಗುತ್ತದೆ.

ಪಕ್ಕದಲ್ಲೇ ಇದೆ ಕತೆಗಾರರ ಮನೆ

ಅರಸಾಳು ದೂರವಾಯಿತು ಅನ್ನಬೇಡಿ. ಕತೆ ಬರೆದ ನಾರಾಯಣ್ ಅವರ ಮನೆ ಮೈಸೂರಿನ ಯಾದವಗಿರಿಯಲ್ಲಿದೆ. ನಮ್ಮ ವಿಜಯನಗರದಿಂದ ಬಹಳ ದೂರವೇನಿಲ್ಲ.

ನಾರಾಯಣ್ ಮೈಸೂರಿನಲ್ಲಿ ಬಹಳ ವರ್ಷ ಬಾಳಿದರು. 2001ರಲ್ಲಿ ಚೆನ್ನೈನಲ್ಲಿ ತೀರಿಕೊಂಡರು. ಆಮೇಲೆ ಮೈಸೂರಿನ ಮನೆ ಮಾರಾಟವಾಯಿತು. 2011ರಲ್ಲಿ ಅದನ್ನು ಕೆಡವಲು ಶುರು ಮಾಡಿದರು. ಪತ್ರಿಕೆಗಳಲ್ಲಿ ಸುದ್ದಿ ಬಂತು. ಜನ ದನಿ ಎತ್ತಿದರು. ಕೆಡವುವುದು ನಿಂತಿತು. ಕೊನೆಗೆ ಸರಕಾರದ ಕಡೆಯಿಂದ ಮನೆಯನ್ನು ಕೊಂಡು ರಿಪೇರಿ ಮಾಡಿಸಿದರು. 2016ರಲ್ಲಿ ಅದು ಮ್ಯೂಸಿಯಂ ಆಗಿ ಬಾಗಿಲು ತೆರೆಯಿತು. ಅವರು ತೊಟ್ಟ ಕೋಟು, ಹಾಕಿದ ಕನ್ನಡಕ, ಬರೆದ ಪುಸ್ತಕ, ಬಂದ ಬಹುಮಾನ ಅಲ್ಲಿವೆ. ಮಹಡಿಯ ಮೇಲೆ ಸುತ್ತ ಕಿಟಕಿ ಇರುವ ಕೋಣೆ ಇದೆ. ಅಲ್ಲಿ ಕೂತು ಅವರು ಬರೆಯುತ್ತಿದ್ದರು.

ಒಂದು ಮಾತು ಗಮನಿಸಿ. ಆ ಸುದ್ದಿಯನ್ನು ಯಾರೂ ಓದದೆ ಹೋಗಿದ್ದರೆ? ಮನೆ ಉಳಿಯುತ್ತಿತ್ತೇ?

ಚೀಟಿ ಓದಿ

ಟಿ.ವಿ. ವಸ್ತುವನ್ನು ತೋರಿಸುತ್ತದೆ. ಪಕ್ಕದ ಚೀಟಿಯನ್ನು ಓದಲು ಪುರುಸೊತ್ತು ಕೊಡುವುದಿಲ್ಲ.

ದೀಪ ಹಿಡಿದ ಹೆಂಗಸಿನ ಚಿತ್ರ ನೀವು ನೋಡಿರಬಹುದು. ಒಂದು ಕೈಯಲ್ಲಿ ದೀಪ. ಇನ್ನೊಂದು ಕೈ ಗಾಳಿಗೆ ಮರೆ. ಮುಖದ ಮೇಲೆ ಬೆಳಕು. ಮೂಲ ಚಿತ್ರ ಇರುವುದು ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ. "ಅದು ರವಿವರ್ಮ ಬರೆದದ್ದು" ಎಂದು ಎಷ್ಟೋ ಜನ ಹೇಳುತ್ತಾರೆ. ಅದು ತಪ್ಪು. ಬರೆದವರು ಎಸ್. ಎಲ್. ಹಲ್ದಂಕರ್. ಚಿತ್ರಕ್ಕೆ ದೀಪ ಹಿಡಿದು ನಿಂತವಳು ಅವರ ಮಗಳು. ಹೆಸರು ಓದದೆ ನೋಡಿದವರು ಒಬ್ಬರು ಮಾಡಿದ ಕೆಲಸವನ್ನು ಇನ್ನೊಬ್ಬರ ಲೆಕ್ಕಕ್ಕೆ ಬರೆದುಬಿಟ್ಟರು!

ಹಳೇ ಸಿನಿಮಾಗಳಲ್ಲಿ ಹೊಗೆ ಉಗುಳುತ್ತಾ ಬರುವ ರೈಲು ನೋಡಿದ್ದೀರಲ್ಲ? ಅಂಥ ಎಂಜಿನ್‌ಗಳು ಮೈಸೂರು ರೈಲು ನಿಲ್ದಾಣದ ಹತ್ತಿರದ ರೈಲ್ವೆ ಮ್ಯೂಸಿಯಂನಲ್ಲಿವೆ. ಇದು 1979ರಲ್ಲಿ ಶುರುವಾಯಿತು. ಮಹಾರಾಣಿಯವರ ಪ್ರಯಾಣದ ಡಬ್ಬಿಯೂ ಅಲ್ಲಿದೆ. ಅದು 1899ರ ಕಾಲದ್ದು. ರೈಲಿನಲ್ಲೇ ಅಡಿಗೆಮನೆ! ಮಕ್ಕಳನ್ನೂ ಕರೆದುಕೊಂಡು ಹೋಗಿ.

ಹೋಗುವ ಮುಂಚೆ ರಜೆಯ ದಿನ ಯಾವುದು ಎಂದು ಕೇಳಿ ತಿಳಿಯಿರಿ. ವಸ್ತುಗಳನ್ನು ಮುಟ್ಟಬೇಡಿ. ನಮ್ಮ ಕೈ ಬೆವರು ಅವಕ್ಕೆ ಆಗದು. ಒಂದೊಂದೇ ಅಕ್ಷರ ಕೂಡಿಸಿ ಚೀಟಿ ಓದಿ. ನಿಧಾನವಾದರೆ ನಾಚಿಕೆ ಬೇಡ. ಅರ್ಥವಾಗದಿದ್ದರೆ ಅಲ್ಲಿಯ ಸಿಬ್ಬಂದಿಯನ್ನು ಕೇಳಿ.

ಈಗ ಅತ್ತೆಯ ಪ್ರಶ್ನೆಗೆ ಉತ್ತರ ಸಿಕ್ಕಿತು. ತೆರೆಯ ಮೇಲೆ ನಿಜವೂ ಇರುತ್ತದೆ, ಹುಸಿಯೂ ಇರುತ್ತದೆ. ಯಾವುದು ಯಾವುದು ಎಂದು ತಿಳಿಯಲು ಎರಡು ದಾರಿ. ಹೋಗಿ ನೋಡಬೇಕು. ಓದಿ ತಿಳಿಯಬೇಕು.

ಪದಗಳ ಅರ್ಥ

ವಸ್ತು ಸಂಗ್ರಹಾಲಯ – ಮ್ಯೂಸಿಯಂ
ದಶಕ – ಹತ್ತು ವರ್ಷ
ಹುಸಿ – ಸುಳ್ಳು
ದುರಸ್ತಿ – ರಿಪೇರಿ

ಉತ್ತರ ಬರೆಯಿರಿ

1. ಜೋರಾದ ಬೆಳಕಿನಿಂದ ಹಳೆಯ ಚಿತ್ರಗಳಿಗೆ ಏನಾಗುತ್ತದೆ?
2. ಟಿ.ವಿ.ಯಲ್ಲಿ ಮಾಲ್ಗುಡಿ ನಿಲ್ದಾಣವಾದ ಊರು ಯಾವುದು?
3. ದೀಪ ಹಿಡಿದ ಹೆಂಗಸಿನ ಚಿತ್ರ ಬರೆದವರು ಯಾರು?
4. ನಿಮ್ಮ ಮನೆಯಲ್ಲಿ ಅಜ್ಜಿಯ ಕಾಲದ ವಸ್ತು ಏನಿದೆ? ಅದಕ್ಕೆ ನೀವೇ ಒಂದು ಚೀಟಿ ಬರೆಯಿರಿ. ಏನು, ಯಾರದ್ದು, ಯಾವ ಕಾಲದ್ದು ಎಂದು ಮೂರು ಸಾಲು ಸಾಕು.