ಮುಳ್ಳು ಇಳಿದ ಮಾತ್ರಕ್ಕೆ ಇಂಜಿನ್ ಬಿಚ್ಚಬೇಕೇ?

ಹಳೆಯ ಜೀಪಿನ ಆಯಿಲ್ ಪ್ರೆಶರ್ ಇಳಿಯಲು ಒಂದು ಸಣ್ಣ ಸ್ವಿಚ್ಚೂ ಕಾರಣವಾಗಬಹುದು, ಇಡೀ ಕ್ರ್ಯಾಂಕೂ ಕಾರಣವಾಗಬಹುದು. ಯಾವುದೆಂದು ಕಂಡುಹಿಡಿಯಲು ಒಂದು ಕ್ರಮವಿದೆ.

ಮಾಂದಲ್‌ಪಟ್ಟಿಗೋ ಕೊಡಚಾದ್ರಿಗೋ ಹತ್ತುವ ಜೀಪುಗಳು ಫಸ್ಟ್, ಸೆಕೆಂಡ್ ಗೇರಿನಲ್ಲೇ ಬಹಳ ಹೊತ್ತು ದುಡಿಯುತ್ತವೆ. ಏರು ಮುಗಿದು ಗಾಡಿ ನಿಂತು, ಕಾದ ಇಂಜಿನ್ ಐಡಲಿಂಗಿಗೆ ಬಂದಾಗ ಆಯಿಲ್ ಮೀಟರಿನ ಮುಳ್ಳು ತಳಕ್ಕಿಳಿಯುತ್ತದೆ, ಇಲ್ಲವೇ ಕೆಂಪು ದೀಪ ಮಿನುಗುತ್ತದೆ. ಎಕ್ಸಲರೇಟರ್ ಒತ್ತಿದರೆ ದೀಪ ಆರುತ್ತದೆ. ಮರುದಿನ ವರ್ಕ್‌ಶಾಪಿನಲ್ಲಿ ಸಿಗುವ ಉತ್ತರ ಹೆಚ್ಚಾಗಿ ಒಂದೇ: ‘ಇಂಜಿನ್ ಬಿಚ್ಚಬೇಕು.’

ಆ ಉತ್ತರ ಕೆಲವೊಮ್ಮೆ ಸರಿಯೇ. ಆದರೆ ಅಳತೆ ಮಾಡದೆ ಆಡಿದ ಆ ಮಾತಿಗೆ ಮಾಲೀಕ ತೆರುವ ಬೆಲೆ ದೊಡ್ಡದು. ಕ್ರ್ಯಾಂಕ್ ಗ್ರೈಂಡಿಂಗ್, ಬೇರಿಂಗ್ ಸೆಟ್, ಪ್ಯಾಕಿಂಗ್, ಕೂಲಿ ಎಲ್ಲ ಮುಗಿದು ಗಾಡಿ ಹೊರಬಂದ ಮೇಲೂ ದೀಪ ಮಿನುಗಿದರೆ ಹೋದ ಹಣ ಮರಳುವುದಿಲ್ಲ. ಹಳೆಯ ವಿಲ್ಲೀಸ್ ಪೆಟ್ರೋಲ್ ಇಂಜಿನ್ನಿನಂಥವಕ್ಕೆ ಒಳ್ಳೆಯ ಕ್ರ್ಯಾಂಕ್ ಹುಡುಕುವುದೂ ಸುಲಭವಲ್ಲ. ಆದ್ದರಿಂದ ಮೊದಲು ಅಳೆಯಬೇಕು, ಆಮೇಲೆ ಬಿಚ್ಚಬೇಕು.

ಒತ್ತಡ ಹುಟ್ಟುವುದೆಲ್ಲಿ?

ಆಯಿಲ್ ಪಂಪ್ ಮಾಡುವುದು ತೈಲವನ್ನು ತಳ್ಳುವ ಕೆಲಸವಷ್ಟೆ. ಬೇರಿಂಗ್ ಮತ್ತು ಕ್ರ್ಯಾಂಕಿನ ನಡುವಿನ ಕಿರಿದಾದ ಸಂದಿಗಳು ಆ ಹರಿವನ್ನು ತಡೆಯುತ್ತವೆ. ಒತ್ತಡ ಹುಟ್ಟುವುದು ಆ ತಡೆಯಿಂದ. ತೋಟಕ್ಕೆ ನೀರು ಬಿಡುವ ಪೈಪಿನ ಬಾಯಿಗೆ ಹೆಬ್ಬೆರಳು ಒತ್ತಿದಾಗ ಆಗುವುದೂ ಇದೇ. ಈ ಸಂದಿಗಳು ಸಾಮಾನ್ಯವಾಗಿ 0.03ರಿಂದ 0.08 ಮಿ.ಮೀ. ಇರುತ್ತವೆ. ಸವೆದು ಸಂದಿ ಎರಡರಷ್ಟಾದರೆ ಅಲ್ಲಿಂದ ಸೋರುವ ತೈಲ ಸುಮಾರು ಎಂಟರಷ್ಟಾಗುತ್ತದೆ. ಕೂದಲೆಳೆಯಷ್ಟು ಸವೆತಕ್ಕೆ ಮುಳ್ಳು ಅಷ್ಟೊಂದು ಇಳಿಯುವುದು ಇದರಿಂದಲೇ.

ಹಾಗಿದ್ದರೂ ಕ್ರ್ಯಾಂಕನ್ನು ಎತ್ತಿ ಹಿಡಿಯುವುದು ಪಂಪಿನ ಒತ್ತಡವಲ್ಲ. ಬೋಚಾಂಪ್ ಟವರ್ ಎಂಬ ಇಂಗ್ಲಿಷ್ ಎಂಜಿನಿಯರ್ 1883ರಲ್ಲಿ ಪ್ರಕಟಿಸಿದ ಪ್ರಯೋಗಗಳು ಇದನ್ನು ತೋರಿಸಿಕೊಟ್ಟವು. ರೈಲುಗಾಡಿಯ ಅಚ್ಚಿನಂಥ ಬೇರಿಂಗಿನ ಮೇಲೆ ಆತ ಕೊರೆದ ತೂತಿನಿಂದ ತೈಲ ಉಕ್ಕಿ ಬಂತು. ಬಡಿದು ಕೂರಿಸಿದ ಮರದ ಬೆಣೆಯನ್ನೂ ಹೊರದಬ್ಬಿತು. ತಿರುಗುವ ದಂಡವೇ ತೈಲವನ್ನು ತನ್ನಡಿಗೆ ಎಳೆದುಕೊಂಡು, ತನ್ನ ಭಾರ ಹೊರುವ ಪದರವನ್ನು ಕಟ್ಟಿಕೊಳ್ಳುತ್ತದೆ. 1886ರಲ್ಲಿ ಆಸ್ಬೋರ್ನ್ ರೆನಾಲ್ಡ್ಸ್ ಅದಕ್ಕೆ ಗಣಿತದ ವಿವರಣೆ ಕೊಟ್ಟರು. ಪಂಪಿನ ಪಾಲಿಗೆ ಉಳಿಯುವುದು ಆ ಪದರಕ್ಕೆ ತೈಲ ಕೊರತೆಯಾಗದಂತೆ ಪೂರೈಸುವ ಕೆಲಸ. ಐಡಲಿಂಗಿನಲ್ಲಿ ಮುಳ್ಳು ತುಸು ತಗ್ಗಿದ ಕೂಡಲೇ ಇಂಜಿನ್ ಸಾಯದಿರುವುದಕ್ಕೂ, ಪೂರೈಕೆ ನಿಂತರೆ ಸ್ವಲ್ಪ ಹೊತ್ತಿನಲ್ಲೇ ಬೇರಿಂಗ್ ಹಿಡಿದುಕೊಳ್ಳುವುದಕ್ಕೂ ಇದೇ ಕಾರಣ.

ಮೊದಲು ಮೀಟರನ್ನೇ ಪರೀಕ್ಷಿಸಿ

ಚಲಿಸುವಾಗ ಮುಳ್ಳು ಏಕಾಏಕಿ ಸೊನ್ನೆಗೆ ಬಿದ್ದರೆ, ದೀಪ ಹತ್ತಿ ಆರದೇ ಉಳಿದರೆ, ಅಲ್ಲೇ ಇಂಜಿನ್ ಆಫ್ ಮಾಡಬೇಕು. ‘ಮುಂದಿನ ಊರಿನವರೆಗೆ ಹೋಗೋಣ’ ಎಂಬ ಧೈರ್ಯ ಇಲ್ಲಿ ಸಲ್ಲದು. ಉಳಿದ ಸಂದರ್ಭಗಳಲ್ಲಿ ಆತುರ ಬೇಡ.

ಡ್ಯಾಶ್‌ಬೋರ್ಡಿನ ಮೀಟರಿಗೆ ಸುದ್ದಿ ಮುಟ್ಟಿಸುವ ಸೆಂಡರ್ ಯೂನಿಟ್ ಬಿಸಿ, ಅದುರುವಿಕೆ, ತುಕ್ಕುಗಳಲ್ಲಿ ವರ್ಷಗಟ್ಟಲೆ ಬೆಂದಿರುತ್ತದೆ. ದೀಪದ ಸ್ವಿಚ್ ಇನ್ನೂ ಸರಳ: ಒತ್ತಡ ಚದರ ಅಂಗುಲಕ್ಕೆ ಸುಮಾರು 4ರಿಂದ 7 ಪೌಂಡಿಗಿಂತ ಕೆಳಗಿಳಿದರೆ ದೀಪ ಹತ್ತಿಸುತ್ತದೆ, ಅಷ್ಟೆ. ವೈರು ಬಾಡಿಗೆ ತಾಗಿದರೂ ದೀಪ ಹತ್ತುತ್ತದೆ. ಆದ್ದರಿಂದ ಸೆಂಡರ್ ಬಿಚ್ಚಿ ಆ ತೂತಿಗೆ ಮೆಕ್ಯಾನಿಕಲ್ ಗೇಜ್ ಜೋಡಿಸುವುದೇ ಮೊದಲ ಹೆಜ್ಜೆ. ಫ್ರಾನ್ಸಿನ ಯೂಜೀನ್ ಬೂರ್ಡೋನ್ 1849ರಲ್ಲಿ ಪೇಟೆಂಟ್ ಪಡೆದ ಬಾಗಿದ ಕೊಳವೆಯ ತತ್ವದಲ್ಲೇ ಇಂದಿಗೂ ನಡೆಯುವ ಈ ಗೇಜಿಗೆ ವೈರೂ ಬೇಡ, ಬ್ಯಾಟರಿಯೂ ಬೇಡ.

ಗಾಡಿಯನ್ನು ಅರ್ಧ ಗಂಟೆಯಾದರೂ ಓಡಿಸಿ, ಇಂಜಿನ್ ಚೆನ್ನಾಗಿ ಕಾದ ಮೇಲೆ ಎರಡು ಅಳತೆ ತೆಗೆದುಕೊಳ್ಳಿ: ಐಡಲಿಂಗಿನಲ್ಲಿ ಒಂದು, ಸುಮಾರು 2000 ಆರ್‌ಪಿಎಂನಲ್ಲಿ ಇನ್ನೊಂದು. ಪ್ರತಿ 1000 ಆರ್‌ಪಿಎಂಗೆ ಚದರ ಅಂಗುಲಕ್ಕೆ 10 ಪೌಂಡ್ ಇರಲಿ ಎಂಬುದು ಮೆಕ್ಯಾನಿಕ್‌ಗಳ ಹಳೆಯ ಲೆಕ್ಕ. ಇಂಜಿನ್ನಿನಿಂದ ಇಂಜಿನ್ನಿಗೆ ಅಂಕಿ ಬದಲಾಗುವುದರಿಂದ ಕಂಪನಿಯ ಮ್ಯಾನ್ಯುಯಲ್ ಹೇಳುವುದೇ ಕೊನೆಯ ಮಾತು.

ಆಮೇಲೆ ತೈಲ

ಡಿಪ್‌ಸ್ಟಿಕ್ ಎಳೆದು ಮಟ್ಟ ನೋಡುವುದು ಎಲ್ಲರಿಗೂ ಗೊತ್ತು. ಮಟ್ಟ ಕಡಿಮೆಯಿರುವುದನ್ನು ಗಮನಿಸುವಷ್ಟೇ ಎಚ್ಚರದಿಂದ ಅದು ತಾನಾಗಿ ಏರಿರುವುದನ್ನೂ ಗಮನಿಸಬೇಕು. ಇಂಜಿನ್ನಿನ ಪಕ್ಕದ ಫ್ಯುಯೆಲ್ ಪಂಪಿನ ಡಯಾಫ್ರಾಮ್ ಹರಿದರೆ ಪೆಟ್ರೋಲ್ ತೈಲ ನಿಲ್ಲುವ ಚೇಂಬರಿಗೆ ಇಳಿಯುತ್ತದೆ. ಡೀಸೆಲ್ ಗಾಡಿಯಲ್ಲಿ ಸೋರುವ ಇಂಜೆಕ್ಟರಿನಿಂದ ಡೀಸೆಲ್ ಸೇರಬಹುದು. ಕಡ್ಡಿಯನ್ನು ಮೂಸಿದರೆ ವಾಸನೆ ಸಿಗುತ್ತದೆ. ತೈಲ ಹಾಲು ಬೆರೆತಂತೆ ಕಂಡರೆ ನೀರು ಸೇರಿದೆ, ಹೆಡ್ ಗ್ಯಾಸ್ಕೆಟ್ ನೋಡಬೇಕು.

ಗ್ರೇಡೂ ಮುಖ್ಯ. 20ಡಬ್ಲ್ಯು-50 ತೈಲ ಕೂಡ 40 ಡಿಗ್ರಿಯಿಂದ 100 ಡಿಗ್ರಿ ಸೆಲ್ಸಿಯಸ್‌ಗೆ ಕಾದಾಗ ಒಂಬತ್ತು ಹತ್ತು ಪಟ್ಟು ತೆಳುವಾಗುತ್ತದೆ. ಹೊಸ ಕಾರುಗಳಿಗೆಂದು ಮಾಡಿದ ತೆಳು ತೈಲವನ್ನು ಹಳೆಯ ಸಂದಿಗಳಿಗೆ ಹಾಕಿದರೆ ಬೆಟ್ಟದ ಏರಿನಲ್ಲಿ ಒತ್ತಡ ನಿಲ್ಲುವುದಿಲ್ಲ. ಸರಿಯಾದ ಗ್ರೇಡಿನ ತೈಲ, ಒಳ್ಳೆಯ ಫಿಲ್ಟರ್ ಹಾಕಿ ಮತ್ತೆ ಅಳೆಯಿರಿ. ಆಗಲೂ ಕಡಿಮೆಯಿದ್ದರೆ ತನಿಖೆ ಒಳಗೆ ಸಾಗಬೇಕು.

ಮುಳ್ಳಿನ ನಡೆ ಹೇಳುವುದೇನು?

ತಣ್ಣಗಿದ್ದಾಗ ಒತ್ತಡ ಚೆನ್ನಾಗಿದ್ದು, ಕಾದಾಗ ಐಡಲಿಂಗಿನಲ್ಲಿ ಮಾತ್ರ ಬಿದ್ದು, ರೇಸ್ ಮಾಡಿದರೆ ಏರುವುದಾದರೆ ಬೇರಿಂಗ್ ಸವೆತದ ಸಂಶಯ ಬಲವಾಗುತ್ತದೆ. ಎಷ್ಟು ರೇಸ್ ಮಾಡಿದರೂ ಮೇಲೇಳದಿದ್ದರೆ ಪಂಪ್ ಸವೆದಿರಬಹುದು, ಇಲ್ಲವೇ ಹೆಚ್ಚಾದ ಒತ್ತಡವನ್ನು ಬಿಟ್ಟುಕೊಡುವ ರಿಲೀಫ್ ವಾಲ್ವ್ ಕಸ ಸಿಕ್ಕಿ ತೆರೆದುಕೊಂಡೇ ಇರಬಹುದು. ಐಡಲಿಂಗಿನಲ್ಲಿ ಸರಿಯಿದ್ದು ವೇಗ ಏರಿದಂತೆ ಇಳಿದರೆ ಚೇಂಬರಿನೊಳಗಿನ ಜಾಲರಿ ಕೆಸರು ಕಟ್ಟಿ ಪಂಪಿಗೆ ತೈಲ ಸಾಲುತ್ತಿಲ್ಲ. ಏರಿನಲ್ಲಿ, ತಿರುವಿನಲ್ಲಿ ಮುಳ್ಳು ನಡುಗಿದರೆ ಮಟ್ಟ ಕಡಿಮೆಯಾಗಿ ಇಲ್ಲವೇ ಹೀರುವ ಕೊಳವೆಯ ಜೋಡಣೆ ಸಡಿಲಾಗಿ ಗಾಳಿ ಸೇರುತ್ತಿದೆ.

ಇವುಗಳಲ್ಲಿ ಸುಲಭದ್ದು ರಿಲೀಫ್ ವಾಲ್ವ್. ವಿಲ್ಲೀಸ್ ಜೀಪಿನ ಪೆಟ್ರೋಲ್ ಇಂಜಿನ್ನಿನಲ್ಲಿ ಪಂಪೂ ಅದರ ವಾಲ್ವೂ ಬ್ಲಾಕಿನ ಹೊರಗೇ ಇರುವುದರಿಂದ ಚೇಂಬರ್ ಇಳಿಸದೆ ಅವನ್ನು ಪರೀಕ್ಷಿಸಬಹುದು. ಡಿಸ್ಟ್ರಿಬ್ಯೂಟರ್ ತಿರುಗುವುದು ಅದೇ ಪಂಪಿನ ದಂಡದಿಂದ. ಪಂಪ್ ತೆಗೆಯುವ ಮೊದಲು ಟೈಮಿಂಗ್ ಗುರುತು ಹಾಕಿಕೊಳ್ಳಬೇಕು. ಪಂಪಿನ ಗೇರುಗಳ ತಲೆಗೂ ಮುಚ್ಚಳಕ್ಕೂ ನಡುವಿನ ಸಂದಿಯನ್ನು ಫೀಲರ್ ಗೇಜಿನಿಂದ ಅಳೆಯಬೇಕು. ಮುಚ್ಚಳದ ಮೇಲೆ ಗೇರು ಕೊರೆದ ಗುರುತು ಬಿದ್ದಿದ್ದರೆ ಒತ್ತಡ ಅಲ್ಲೇ ಸೋರುತ್ತಿದೆ. ಗಾಜಿನ ಹಲಗೆಯ ಮೇಲೆ ಎಮರಿ ಕಾಗದ ಹಾಸಿ ಮುಚ್ಚಳವನ್ನು ಮಟ್ಟಸ ಮಾಡುವ ಹಳೆಯ ಕೈಕೆಲಸ ಎಷ್ಟೋ ಪಂಪುಗಳನ್ನು ಉಳಿಸಬಲ್ಲದು.

ಕೊನೆಯ ಸರದಿ ಬೇರಿಂಗಿನದು. ಚೇಂಬರ್ ಇಳಿಸಿದಾಗ ತಳದ ಕೆಸರಿನಲ್ಲಿ ಹೊಳೆಯುವ ಚೂರುಗಳಿವೆಯೇ ನೋಡಿ. ಒಂದು ಕ್ಯಾಪ್ ಬಿಚ್ಚಿ, ಅಳತೆಗೆಂದೇ ಸಿಗುವ ಪ್ಲಾಸ್ಟಿಗೇಜ್ ಎಳೆಯನ್ನು ಇಟ್ಟು, ಸರಿಯಾದ ಟಾರ್ಕಿನಲ್ಲಿ ಬಿಗಿದು ಬಿಚ್ಚಿದರೆ, ಎಳೆ ಎಷ್ಟು ಅಗಲವಾಗಿದೆ ಎಂಬುದರಿಂದ ಸಂದಿ ಗೊತ್ತಾಗುತ್ತದೆ. ಮೂರು ಪದರದ ಬೇರಿಂಗಿನಲ್ಲಿ ಬೂದು ಬಣ್ಣದ ಮೇಲ್ಪದರ ಹೋಗಿ ತಾಮ್ರದ ಬಣ್ಣ ಕಂಡರೆ ಅದರ ಕಾಲ ಮುಗಿಯಿತು. ಬೇರಿಂಗಿನೊಳಗೆ ತಿರುಗುವ ಕ್ರ್ಯಾಂಕಿನ ಜರ್ನಲ್ ನುಣುಪಾಗಿ, ದುಂಡಗೆ, ಅಳತೆಯೊಳಗೇ ಇದ್ದರೆ ಹೊಸ ಬೇರಿಂಗ್ ಸಾಕು. ಗೀರು ಬಿದ್ದಿದ್ದರೆ, ಅಂಡಾಕಾರಕ್ಕೆ ತಿರುಗಿದ್ದರೆ ಮಾತ್ರ ಗ್ರೈಂಡಿಂಗ್ ಮಾಡಿಸಿ 10, 20 ಅಥವಾ 30 ತೌ (ಅಂಗುಲದ ಸಾವಿರದ ಒಂದು ಭಾಗ) ಅಂಡರ್‌ಸೈಜ್ ಬೇರಿಂಗ್ ಹಾಕಬೇಕು. ಆಗ ಕ್ಯಾಮ್‌ಶಾಫ್ಟಿನ ಬೇರಿಂಗುಗಳನ್ನೂ ಅಳೆಯಲು ಹೇಳಿ. ಅವು ಸವೆದಿದ್ದರೆ ಹೊಸ ಕ್ರ್ಯಾಂಕ್ ಬೇರಿಂಗಿನಿಂದ ಬಂದ ಲಾಭ ಅಲ್ಲಿಂದ ಸೋರಿಹೋಗುತ್ತದೆ.

ಮುಳ್ಳಿಗೆ ಮಾತ್ರ ಮದ್ದು

ರಿಲೀಫ್ ವಾಲ್ವಿನ ಸ್ಪ್ರಿಂಗ್ ಹಿಂದೆ ವಾಷರ್ ಸೇರಿಸಿ ಒತ್ತಡ ಏರಿಸಿಕೊಡುವವರಿದ್ದಾರೆ. ಕಾದ ಐಡಲಿಂಗಿನಲ್ಲಿ ಸುಸ್ಥಿತಿಯ ವಾಲ್ವ್ ಹೇಗೂ ಮುಚ್ಚಿರುತ್ತದೆ. ವಾಷರಿನಿಂದ ಏರುವುದು ಹೆಚ್ಚಿನ ವೇಗದ ಒತ್ತಡ ಮಾತ್ರ. ಅತಿ ಗಟ್ಟಿ ತೈಲ, ಡಬ್ಬಿಯಲ್ಲಿ ಮಾರುವ ದಪ್ಪಗಾಗಿಸುವ ದ್ರವ ಮುಳ್ಳನ್ನು ಮೇಲೆತ್ತಬಹುದು. ಆದರೆ ಚಳಿಯ ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಆ ತೈಲ ರಾಕರ್‌ವರೆಗೆ ಏರಲು ತಡಮಾಡುತ್ತದೆ, ಸವೆದ ಬೇರಿಂಗ್ ಸವೆಯುತ್ತಲೇ ಇರುತ್ತದೆ. ಇವು ಮಾಲೀಕನ ಕಣ್ಣಿಗೆ ಸಮಾಧಾನ ಕೊಡುತ್ತವೆಯೇ ಹೊರತು ಇಂಜಿನ್ನಿಗಲ್ಲ.

ತೋಟದ ಕೆಲಸಕ್ಕೆ, ಬಾಡಿಗೆಗೆ, ಬೆಟ್ಟದ ದಾರಿಗೆ ಹಳೆಯ ಗಾಡಿ ನಂಬಿದವರು ಮಲೆನಾಡಿನಲ್ಲೂ ಕೊಡಗಿನಲ್ಲೂ ಇನ್ನೂ ಇದ್ದಾರೆ. ಅವರು ವರ್ಕ್‌ಶಾಪಿನಲ್ಲಿ ಕೇಳಬೇಕಾದದ್ದು ಕಷ್ಟದ ಪ್ರಶ್ನೆಯೇನಲ್ಲ: ‘ಮೆಕ್ಯಾನಿಕಲ್ ಗೇಜ್ ಹಾಕಿ ನೋಡಿದಿರಾ? ಕಾದ ಮೇಲೆ ಐಡಲಿಂಗಿನಲ್ಲಿ ಎಷ್ಟು, ಎರಡು ಸಾವಿರದಲ್ಲಿ ಎಷ್ಟು?’ ಒಳ್ಳೆಯ ಮೆಕ್ಯಾನಿಕ್ ಈ ಪ್ರಶ್ನೆಗೆ ಬೇಸರಪಡುವುದಿಲ್ಲ. ಉತ್ತರವಾಗಿ ಬಂದ ಎರಡು ಅಂಕಿಗಳನ್ನು ತಾರೀಕಿನ ಜೊತೆ ಬರೆದಿಟ್ಟುಕೊಂಡು, ಪ್ರತಿ ಆಯಿಲ್ ಬದಲಾವಣೆಯ ನಂತರ ಮತ್ತೆ ಅಳೆಸಿ. ಅಂಕಿ ವರ್ಷದಿಂದ ವರ್ಷಕ್ಕೆ ಮೆಲ್ಲಗೆ ಇಳಿಯುತ್ತಿದ್ದರೆ ಇಂಜಿನ್ ಕೆಲಸಕ್ಕೆ ಹಣ ಕೂಡಿಡಲು ಸಮಯ ಸಿಗುತ್ತದೆ. ಒಮ್ಮೆಲೇ ಇಳಿದರೆ ತಡಮಾಡದೆ ಗಾಡಿ ನಿಲ್ಲಿಸಲು ಆಧಾರ ಸಿಗುತ್ತದೆ. ಆ ಎರಡು ಅಂಕಿ ಕೈಗೆ ಬರುವವರೆಗೆ ಇಂಜಿನ್ ಬಿಚ್ಚಲು ಒಪ್ಪಬೇಡಿ.